ಪ್ರಕಟಣೆಯ ಕೊನೆಯ ಸಾಲು: ಮಲೆನಾಡಿನ ಸಾರ್ವಜನಿಕ ಸಂಪರ್ಕ ಕೆಲಸದಲ್ಲಿ ಹೆಣ್ಣುಮಕ್ಕಳು

ಶಿವಮೊಗ್ಗದ ಕಾಲೇಜೋ ಆಸ್ಪತ್ರೆಯೋ ಸಹಕಾರ ಸಂಘವೋ ಕಾರ್ಯಕ್ರಮ ಮುಗಿಸಿ ಪತ್ರಿಕೆಗಳಿಗೆ ಕಳಿಸುವ ಪ್ರಕಟಣೆಯ ಕೊನೆಯ ಸಾಲನ್ನು ಓದಿ ನೋಡಿ. ಇಂಥವರು ಪ್ರಾರ್ಥಿಸಿದರು, ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಆ ಸಾಲಿನಲ್ಲಿ ಹೆಣ್ಣುಮಕ್ಕಳ ಹೆಸರೇ ಹೆಚ್ಚು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಪ್ರಾಸ್ತಾವಿಕವಾಗಿ ಮಾತನಾಡಿದವರು ಮೊದಲ ಪ್ಯಾರಾದಲ್ಲಿರುತ್ತಾರೆ. ಅಲ್ಲಿ ಗಂಡಸರೇ ಹೆಚ್ಚು. ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ ಎಂಬುದು ಸುದ್ದಿ ಬರೆಯುವ ಕ್ರಮ. ಪುಟದಲ್ಲಿ ಜಾಗ ಸಾಲದಿದ್ದರೆ ಪತ್ರಿಕೆಯ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ. ಮೊದಲು ಹೋಗುವುದು ಆ ಕೊನೆಯ ಸಾಲೇ.

ಡೆಸ್ಕಿನವರನ್ನು ದೂರಿ ಪ್ರಯೋಜನವಿಲ್ಲ. ಅವರು ಕತ್ತರಿ ಹಿಡಿಯುವ ಒಂದು ವಾರ ಮೊದಲೇ, ಯಾರು ಏನು ಮಾಡಬೇಕೆಂದು ಕಚೇರಿಯಲ್ಲಿ ಹಂಚಿದಾಗಲೇ ಅದು ತೀರ್ಮಾನವಾಗಿರುತ್ತದೆ. ಸಭಾಂಗಣ ಕಾಯ್ದಿರಿಸುವುದು, ಆಹ್ವಾನ ಪತ್ರಿಕೆಯ ಕರಡು ತಿದ್ದುವುದು, ವರದಿಗಾರರಿಗೆ ಫೋನ್ ಮಾಡುವುದು, ಪ್ರಕಟಣೆ ಬರೆಯುವುದು, ಫೋಟೊದ ಅಡಿಬರಹದಲ್ಲಿ ಹೆಸರು ಮತ್ತು ಹುದ್ದೆ ತಪ್ಪದಂತೆ ನೋಡುವುದು ಎಲ್ಲವೂ ಸಾರ್ವಜನಿಕ ಸಂಪರ್ಕ ನೋಡುವ ಹೆಣ್ಣುಮಗಳ ಪಾಲಿಗೆ. ಯಾರನ್ನು ಕರೆಯಬೇಕು, ಏನು ಹೇಳಬೇಕು, ಏನು ಹೇಳಬಾರದು ಎಂಬುದರ ತೀರ್ಮಾನ ಒಳಗಿನ ಕೋಣೆಯಲ್ಲಿ, ಅವಳಿಲ್ಲದೆ. ಕೆಲಸದ ಸ್ಥಳದ ಲಿಂಗ ತಾರತಮ್ಯ ಎಂದರೆ ಕೆಟ್ಟ ಮಾತು, ಕೆಟ್ಟ ನೋಟ ಎಂದಷ್ಟೇ ತಿಳಿದವರಿಗೆ ಇದು ತಾರತಮ್ಯವಾಗಿ ಕಾಣುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಉಳಿದೆಲ್ಲ ಸಮಸ್ಯೆಗಳ ಬೇರು ಈ ಹಂಚಿಕೆಯಲ್ಲೇ ಇದೆ.

ಈ ವೃತ್ತಿಯ ಅಧ್ಯಯನ ಮಾಡಿದವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ಸಂಶೋಧಕ ಗ್ಲೆನ್ ಬ್ರೂಮ್ 1982ರಲ್ಲಿ ಸಾರ್ವಜನಿಕ ಸಂಪರ್ಕದವರ ಪಾತ್ರಗಳನ್ನು ವಿಂಗಡಿಸಿ ನೋಡಿದಾಗ, ಸಲಹೆ ಕೊಟ್ಟು ದಾರಿ ತೋರಿಸುವ ಪರಿಣತರ ಪಾತ್ರದಲ್ಲಿ ಗಂಡಸರು, ಬರೆದು ತಿದ್ದಿ ತಯಾರಿಸಿ ಕೊಡುವ ಪಾತ್ರದಲ್ಲಿ ಹೆಂಗಸರು ಹೆಚ್ಚಾಗಿ ಕಂಡರು. 1986ರಲ್ಲಿ ಅಲ್ಲಿಯೇ ಬಂದ ಇನ್ನೊಂದು ಅಧ್ಯಯನ ಈ ಸ್ಥಿತಿಗೆ ‘ವೆಲ್ವೆಟ್ ಘೆಟ್ಟೊ’ ಎಂಬ ಹೆಸರು ಕೊಟ್ಟಿತು: ಒಳಗೆ ಮಖಮಲ್ಲು ಹಾಸಿದ, ಹೊರಗೆ ಬರಲು ಬಾಗಿಲಿಲ್ಲದ ಕೇರಿ. ವೃತ್ತಿಗೆ ಹೆಣ್ಣುಮಕ್ಕಳು ಹೆಚ್ಚಾಗಿ ಬಂದಂತೆ ಅದರ ಸಂಬಳ, ಮಾನ ಎರಡೂ ಕುಗ್ಗುವ ಅಪಾಯವನ್ನೂ ಅದು ಎತ್ತಿ ಹೇಳಿತ್ತು. ಭಾರತದಲ್ಲಿ ಸಾರ್ವಜನಿಕ ಸಂಪರ್ಕ ಸಂಘ 1958ರಷ್ಟು ಹಿಂದೆಯೇ ಹುಟ್ಟಿದೆ, ಪ್ರತಿ ಏಪ್ರಿಲ್ 21ರಂದು ದಿನಾಚರಣೆಯೂ ನಡೆಯುತ್ತದೆ. ಆದರೆ ಈ ಹಂಚಿಕೆಯ ಪ್ರಶ್ನೆ ಜಿಲ್ಲಾ ಕೇಂದ್ರಗಳ ಮಟ್ಟದಲ್ಲಿ ಚರ್ಚೆಗೆ ಬರುವುದು ಅಪರೂಪ.

ಮಲೆನಾಡಿಗೆ ಈ ಮಾತು ಇನ್ನೂ ಚುರುಕಾಗಿ ತಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಚಳಿಗಾಲ, ಬೇಸಿಗೆಗಳಲ್ಲಿ ಬಂದು ಕಾಡುತ್ತದೆ. ಕಾಡಿಗೆ ಹೋಗುವ ಮುಂಚೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಮಂಗ ಸತ್ತದ್ದು ಕಂಡರೆ ಮುಟ್ಟದೆ ತಿಳಿಸಿ ಎಂದು ಒಂಟಿ ಮನೆಗಳಿಗೆ ನಡೆದುಕೊಂಡು ಹೋಗಿ ಹೇಳುವವರು ಆಶಾ ಕಾರ್ಯಕರ್ತೆಯರು. ದರಕಿನ (ಒಣ ಎಲೆಯ) ರಾಶಿ, ಸೊಪ್ಪಿನ ಬೆಟ್ಟ, ಉಣುಗು (ರೋಗ ಹರಡುವ ಉಣ್ಣೆ) ಎಂದು ಜನರ ಮಾತಿನಲ್ಲೇ ಹೇಳಿ, ಸಂಶಯಕ್ಕೆ ಉತ್ತರ ಕೊಟ್ಟು, ಮುಂದಿನ ವಾರ ಮತ್ತೆ ಅದೇ ಮನೆಗೆ ಹೋಗುವುದು ಸಾರ್ವಜನಿಕ ಸಂಪರ್ಕದ ಅತ್ಯಂತ ಕಠಿಣ ರೂಪ. ಅದಕ್ಕೆ ಸಿಗುವುದು ಗೌರವಧನ, ಪ್ರೋತ್ಸಾಹಧನ, ಹುದ್ದೆಯಲ್ಲ. ಜನರೊಂದಿಗೆ ಮಾತಾಡಬಲ್ಲವರು ಯಾರೆಂದು ಈ ನಾಡಿಗೆ ಚೆನ್ನಾಗಿ ಗೊತ್ತಿದೆ. ಆ ಬಲ್ಲತನಕ್ಕೆ ಬೆಲೆ ಕಟ್ಟುವಾಗ ಮಾತ್ರ ಲೆಕ್ಕ ಬದಲಾಗುತ್ತದೆ.

ಡೆಸ್ಕು ಮತ್ತು ಫೀಲ್ಡು

ಶಿವಮೊಗ್ಗದಲ್ಲಿ ‘ಪಿಆರ್‌ಒ’ (ಸಾರ್ವಜನಿಕ ಸಂಪರ್ಕಾಧಿಕಾರಿ) ಎಂದರೆ ಒಂದೇ ಕೆಲಸವಲ್ಲ. ಸರ್ಕಾರದ ಕಡೆ ವಾರ್ತಾ ಇಲಾಖೆಯ ಅಧಿಕಾರಿಗಳಿದ್ದಾರೆ. ಕಾಲೇಜುಗಳಲ್ಲಿ ಪ್ರವೇಶದ ಪ್ರಚಾರ ನೋಡುವವರಿದ್ದಾರೆ. ಸಾಗರ, ಜೋಗ, ಆಗುಂಬೆ ಕಡೆಯ ರೆಸಾರ್ಟು, ಹೋಂಸ್ಟೇಗಳಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವರೇ ಇನ್‌ಸ್ಟಾಗ್ರಾಮ್ ಪುಟವನ್ನೂ ನೋಡಿಕೊಳ್ಳುತ್ತಾರೆ. ಊರಿನವರಿಗೆ ಈ ಪದ ಹೆಚ್ಚು ಪರಿಚಯವಾಗಿರುವುದು ಖಾಸಗಿ ಆಸ್ಪತ್ರೆಗಳಿಂದ. ಅಲ್ಲಿ ಎರಡು ಬಗೆಯ ಪಿಆರ್‌ಒಗಳು. ಒಬ್ಬರು ಡೆಸ್ಕಿನವರು, ಅಂದರೆ ಕೌಂಟರಿನಲ್ಲಿ ಕೂರುವವರು. ಇನ್ನೊಬ್ಬರು ಫೀಲ್ಡಿನವರು, ಬೈಕಿನಲ್ಲಿ ತಾಲ್ಲೂಕು ಸುತ್ತಿ ವೈದ್ಯರು, ಪಂಚಾಯಿತಿಯವರು, ಸಂಘಗಳವರನ್ನು ಭೇಟಿಯಾಗುವವರು. ಮೊದಲನೆಯದಕ್ಕೆ ಹೆಣ್ಣುಮಕ್ಕಳು, ಎರಡನೆಯದಕ್ಕೆ ಗಂಡುಮಕ್ಕಳು ಎಂಬುದು ಎಲ್ಲೂ ಬರೆದಿಲ್ಲದಿದ್ದರೂ ನಡೆದುಕೊಂಡು ಬಂದ ರೂಢಿ.

ಕೌಂಟರಿನ ಕೆಲಸ ಹಗುರ ಎಂದುಕೊಂಡವರು ಒಂದು ದಿನ ಅಲ್ಲಿ ಕೂತು ನೋಡಬೇಕು. ಹೊಸನಗರದ ಹಳ್ಳಿಯಿಂದ ಆಯುಷ್ಮಾನ್ ಕಾರ್ಡ್ ಹಿಡಿದು ಬಂದವರ ಬಳಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇರುವುದಿಲ್ಲ. ತುರ್ತು ಚಿಕಿತ್ಸೆಯಲ್ಲದಿದ್ದರೆ ಆ ಪತ್ರವಿಲ್ಲದೆ ಯೋಜನೆಯಡಿ ದಾಖಲಿಸಿಕೊಳ್ಳುವಂತಿಲ್ಲ. ನಿಯಮ ಮಾಡಿದವರು ಬೆಂಗಳೂರಿನಲ್ಲಿ, ದರ ನಿಗದಿ ಮಾಡಿದವರು ಮೇಲಿನ ಮಹಡಿಯಲ್ಲಿ. ‘ಪತ್ರ ತನ್ನಿ’ ಎಂದು ಹೇಳಿ ಬೈಸಿಕೊಳ್ಳುವವಳು ಕೌಂಟರಿನವಳು. ರೋಗಿ ತೀರಿಕೊಂಡಾಗ ಬಿಲ್ಲಿನ ಮಾತು ತೆಗೆಯಬೇಕಾದವಳೂ ಅವಳೇ. ವಿಮಾನದ ಪರಿಚಾರಕಿಯರ ದುಡಿಮೆಯನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಇದನ್ನು ಭಾವನಾತ್ಮಕ ಶ್ರಮ ಎಂದು ಕರೆದರು: ಸಂಬಳಕ್ಕಾಗಿ ತನ್ನ ಮುಖಭಾವವನ್ನೂ ಮನಸ್ಸನ್ನೂ ಸಂಭಾಳಿಸಿಕೊಳ್ಳುವ ದುಡಿಮೆ. ಅದು ಹೆಣ್ಣಿನ ಹುಟ್ಟುಗುಣ ಎಂದುಕೊಂಡದ್ದರಿಂದಲೇ ಅದನ್ನು ಕೌಶಲವೆಂದು ಯಾರೂ ಎಣಿಸುವುದಿಲ್ಲ.

ಸಂಬಳದ ವ್ಯತ್ಯಾಸ ಹುಟ್ಟುವುದು ಇಲ್ಲಿ. ಇಬ್ಬರಿಗೂ ಮೂಲ ಸಂಬಳ 15,000 ಎಂದಿಟ್ಟುಕೊಳ್ಳಿ. ಫೀಲ್ಡಿನವನಿಗೆ ಪೆಟ್ರೋಲ್ ಭತ್ಯೆ, ಫೋನ್ ಬಿಲ್ಲು, ಗುರಿ ಮುಟ್ಟಿದರೆ ಪ್ರೋತ್ಸಾಹಧನ ಇರುತ್ತವೆ. ಡೆಸ್ಕಿನವಳಿಗೆ ವರ್ಷಕ್ಕೆ ಶೇಕಡಾ 5ರ ವೇತನ ಬಡ್ತಿ ಕೊಟ್ಟರೂ ಮೂರು ವರ್ಷಕ್ಕೆ ತಲುಪುವುದು ಸುಮಾರು 17,360ಕ್ಕೆ. ಅಷ್ಟರೊಳಗೆ ಅವನ ಕೈಯಲ್ಲಿ ಏಳು ತಾಲ್ಲೂಕುಗಳ ಸಂಪರ್ಕ ಇರುತ್ತದೆ, ಮ್ಯಾನೇಜರ್ ಹುದ್ದೆಗೆ ‘ಎಲ್ಲರನ್ನೂ ಬಲ್ಲವ’ ಎಂಬ ಅರ್ಹತೆಯೂ ಬಂದಿರುತ್ತದೆ. ಒಂದೇ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದಲ್ಲಿ ಬೇರೆ ಸಂಬಳ ಕೊಡಬಾರದೆಂದು 1976ರ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೆ ಡೆಸ್ಕು ಬೇರೆ, ಫೀಲ್ಡು ಬೇರೆ ಎಂದು ಹೆಸರಿಟ್ಟುಬಿಟ್ಟರೆ ಕಾನೂನಿನ ಹಿಡಿತಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಕೇಳಬೇಕಾದ ಪ್ರಶ್ನೆ ಮೂಲ ಸಂಬಳದ್ದಲ್ಲ, ತಿಂಗಳ ಕೊನೆಗೆ ಒಟ್ಟು ಕೈಗೆ ಬಂದದ್ದು ಎಷ್ಟು ಎಂಬುದು. ಡೆಸ್ಕಿಗೂ ಎಣಿಸಬಹುದಾದ ಗುರಿಗಳಿವೆ: ಇತ್ಯರ್ಥವಾದ ದೂರುಗಳು, ಮೊದಲ ಸಲಕ್ಕೇ ಮಂಜೂರಾದ ವಿಮಾ ಅರ್ಜಿಗಳು, ಕಾದ ಸಮಯದಲ್ಲಿ ಆದ ಇಳಿಕೆ. ಎಣಿಸಿದರೆ ಪ್ರೋತ್ಸಾಹಧನ ಕೊಡಬೇಕಾಗುತ್ತದೆ. ಎಣಿಸದಿರಲು ಬೇರೆ ಕಾರಣ ನಮಗೆ ಕಾಣುವುದಿಲ್ಲ.

ಸಂಜೆಯ ಕಾರ್ಯಕ್ರಮ, ಕೊನೆಯ ಬಸ್ಸು

ಆಹ್ವಾನ ಪತ್ರಿಕೆಯಲ್ಲಿ ಸಂಜೆ 5.30 ಎಂದಿರುತ್ತದೆ. ಮುಖ್ಯ ಅತಿಥಿ ಬರುವುದು 7ಕ್ಕೆ, ಮುಗಿಯುವುದು 9ಕ್ಕೆ. ಫೋಟೊ ಆರಿಸಿ, ಪ್ರಕಟಣೆ ತಿದ್ದಿ ಕಳಿಸುವಾಗ 10 ಗಂಟೆ. ತೀರ್ಥಹಳ್ಳಿ ಸುಮಾರು 60 ಕಿಲೊಮೀಟರ್, ಸಾಗರ 70ಕ್ಕೂ ಹೆಚ್ಚು. ಆ ಹೊತ್ತಿಗೆ ಬಸ್ಸು ವಿರಳ, ಮಳೆಗಾಲದಲ್ಲಿ ದಾರಿಯುದ್ದಕ್ಕೂ ನೆಟ್‌ವರ್ಕ್ ಸಿಗುವ ಭರವಸೆಯೂ ಇಲ್ಲ. ನಗರದಲ್ಲೇ ಇರುವವಳಿಗೂ ಬಸ್‌ಸ್ಟ್ಯಾಂಡಿನಿಂದ ಬಡಾವಣೆಯವರೆಗಿನ ಆಟೊ ಒಂದು ಚಿಂತೆಯೇ.

ಇದಕ್ಕೆ ಕಚೇರಿಗಳು ಕಂಡುಕೊಂಡ ಸುಲಭದ ದಾರಿ, ‘ಪಾಪ, ಹೆಣ್ಣುಮಗಳು’ ಎಂದು ಸಂಜೆಯ ಕೆಲಸದಿಂದ ಅವಳನ್ನು ಬಿಡಿಸುವುದು. ಕಾಳಜಿಯಿಂದಲೇ ಮಾಡುತ್ತಾರೆ, ಅನುಮಾನವಿಲ್ಲ. ಆದರೆ ಸಂಪಾದಕರು, ಅಧಿಕಾರಿಗಳು, ದಾನಿಗಳು ಪರಿಚಯವಾಗುವುದು ಆ ಸಂಜೆಗಳಲ್ಲಿಯೇ. ಎರಡು ವರ್ಷ ಸಂಜೆ ತಪ್ಪಿಸಿದರೆ ಅವಳಿಗೆ ಊರು ಗೊತ್ತಿರುವುದಿಲ್ಲ, ಊರಿಗೆ ಅವಳು ಗೊತ್ತಿರುವುದಿಲ್ಲ. ಬಡ್ತಿಯ ದಿನ ಅದೇ ಕೊರತೆಯಾಗಿ ಎದ್ದು ನಿಲ್ಲುತ್ತದೆ.

ಬಿಡಿಸುವ ಬದಲು ಸರಿಯಾಗಿ ಏರ್ಪಾಡು ಮಾಡುವುದು ಕಷ್ಟವಲ್ಲ. ಪ್ರಕಟಣೆಯ ಮುಕ್ಕಾಲು ಪಾಲನ್ನು ಬೆಳಿಗ್ಗೆಯೇ ಬರೆದಿಡಬಹುದು. ಸಂಜೆ ಸೇರಿಸಬೇಕಾದದ್ದು ಭಾಷಣದ ಎರಡು ಮಾತು ಮತ್ತು ಬಾರದಿದ್ದವರ ಹೆಸರು ತೆಗೆಯುವುದು. ಒಟ್ಟು 250ರಿಂದ 300 ಪದ ಸಾಕು. ಫೋಟೊವನ್ನು ಸ್ಥಳದಿಂದಲೇ, ಉದ್ಘಾಟನೆಯಾದ ಅರ್ಧ ಗಂಟೆಯೊಳಗೆ ಕಳಿಸಿದರೆ ವರದಿಗಾರರಿಗೂ ಅನುಕೂಲ. ಮನೆಗೆ ಬಿಡುವ ವಾಹನದ ಖರ್ಚನ್ನು ಶಾಮಿಯಾನ, ಮೈಕ್‌ಸೆಟ್‌ನ ಪಕ್ಕದಲ್ಲಿಯೇ ಕಾರ್ಯಕ್ರಮದ ಅಂದಾಜುಪಟ್ಟಿಗೆ ಸೇರಿಸಬೇಕು. ಆ ಕ್ಷಣಕ್ಕೆ ಯಾರದೋ ಕಾರಿನಲ್ಲಿ ‘ಹೋಗಿಬಿಡಮ್ಮ’ ಎಂದು ಕಳಿಸುವುದು ವ್ಯವಸ್ಥೆಯಲ್ಲ, ತೊಂದರೆ ಶುರುವಾಗುವುದೂ ಅಲ್ಲೇ. ವಾಹನ ಕಚೇರಿಯ ಹೆಸರಿನಲ್ಲಿ ಗೊತ್ತಾಗಿರಬೇಕು, ಚಾಲಕನ ನಂಬರು ಮನೆಯವರಿಗೂ ಕಚೇರಿಗೂ ತಿಳಿದಿರಬೇಕು, ತಲುಪಿದ ಮೇಲೆ ಒಂದು ಸಂದೇಶ ಬರಬೇಕು. ರಾತ್ರಿ ಹೊತ್ತು ಹೆಣ್ಣುಮಕ್ಕಳಿಂದ ಕೆಲಸ ಮಾಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ, ಸುರಕ್ಷಿತ ಸಾರಿಗೆ ಇರಬೇಕೆಂಬುದು ಕಾನೂನಿನ ಷರತ್ತು ಕೂಡ.

ಪ್ರಯಾಣ ಭತ್ಯೆಯ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಯೋಜನೆಯ ನೆಪದಲ್ಲಿ ಅವಳ ಭತ್ಯೆ ಕಡಿತಗೊಳಿಸುವುದು ತಪ್ಪು.

‘ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ’

ಪ್ರಕಟಣೆ, ಪೋಸ್ಟರು, ಫೇಸ್‌ಬುಕ್ ಜಾಹೀರಾತು ಎಲ್ಲದರ ಅಡಿಯಲ್ಲಿ ಒಂದು ಮೊಬೈಲ್ ನಂಬರು ಇರುತ್ತದೆ. ಬಹಳ ಸಲ ಅದು ಅವಳ ಸ್ವಂತ ನಂಬರು. ಒಮ್ಮೆ ಅಚ್ಚಾದ ನಂಬರನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ರಾತ್ರಿ 11ಕ್ಕೆ ‘ಊಟ ಆಯ್ತಾ’ ಎಂದು ಬರುವ ಸಂದೇಶ, ಪ್ರೊಫೈಲ್ ಚಿತ್ರದ ಬಗ್ಗೆ ಬರುವ ಮಾತು, ಎತ್ತಿದರೆ ಕಡಿತವಾಗುವ ಕರೆ ಎಲ್ಲವೂ ಆ ಒಂದು ಸಾಲಿನಿಂದ. ಕಚೇರಿಯಲ್ಲಿ ಹೇಳಿಕೊಂಡರೆ ಬರುವ ಉತ್ತರ, ‘ಅವರು ನಮಗೆ ಬೇಕಾದವರು, ಸ್ವಲ್ಪ ಹೊಂದಿಕೊಂಡು ಹೋಗಮ್ಮ’.

ಈ ವೃತ್ತಿಯ ವಿಶೇಷ ಅಪಾಯ ಇದೇ. ಬೇರೆ ಕೆಲಸಗಳಲ್ಲಿ ಕಿರುಕುಳ ಕೊಡುವವನು ಹೆಚ್ಚಾಗಿ ಕಚೇರಿಯೊಳಗಿನವನು. ಇಲ್ಲಿ ಎಷ್ಟೋ ಸಲ ಹೊರಗಿನವನು, ಅದೂ ಕಚೇರಿ ಓಲೈಸಬೇಕೆಂದಿರುವವನು. ಅವನನ್ನು ಸಂತೋಷವಾಗಿಡುವುದೇ ಅವಳ ಕೆಲಸ ಎಂದು ನೇಮಕದ ದಿನವೇ ಹೇಳಿರುತ್ತಾರೆ. ಎಲ್ಲಿ ಸೌಜನ್ಯ ಮುಗಿಯುತ್ತದೆ ಎಂಬ ಗೆರೆಯನ್ನು ಅವಳೊಬ್ಬಳೇ ಎಳೆಯಬೇಕಾಗುತ್ತದೆ, ಎಳೆದರೆ ‘ಕೆಲಸಕ್ಕೆ ಹೊಂದುವವಳಲ್ಲ’ ಎಂಬ ಹೆಸರು.

ಪರಿಹಾರದ ಮೊದಲ ಭಾಗ ತೀರ ಸಣ್ಣದು: ಕಚೇರಿಯ ಹೆಸರಿನಲ್ಲಿ ಒಂದು ಸಿಮ್, ಒಂದು ಫೋನ್, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್. ಪ್ರೊಫೈಲ್ ಚಿತ್ರ ಸಂಸ್ಥೆಯ ಲಾಂಛನ. ಬೆಳಿಗ್ಗೆ 9ರಿಂದ ಸಂಜೆ 6ರ ಹೊರಗೆ ಬಂದ ಸಂದೇಶಕ್ಕೆ ತಾನಾಗಿ ಹೋಗುವ ಉತ್ತರ. ಫೋನು ಕಚೇರಿಯಲ್ಲೇ ಇರಬೇಕು ಅಥವಾ ವಾರಕ್ಕೊಬ್ಬರಂತೆ ಸರದಿಯಲ್ಲಿ ಒಯ್ಯಬೇಕು, ಸರದಿಯಲ್ಲಿ ಗಂಡಸರೂ ಇರಬೇಕು. ಸಂಸ್ಥೆಯ ಪುಟದ ಕೆಳಗೆ ಬರುವ ಅಸಹ್ಯ ಕಾಮೆಂಟುಗಳನ್ನು ಅಳಿಸುವ ಕೆಲಸಕ್ಕೂ ಇದೇ ಸರದಿ. ದಿನಾ ಒಬ್ಬಳೇ ಅದನ್ನು ಓದುತ್ತ ಕೂರುವುದು ಕೆಲಸದ ಭಾಗವಾಗಬಾರದು. ಕೆಟ್ಟ ಪದಗಳ ಪಟ್ಟಿ ಹಾಕಿ ತಡೆಯುವ ಸೌಲಭ್ಯ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಇದೆ. ಕನ್ನಡ ಲಿಪಿಯ ಪದಗಳನ್ನೂ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳಗಳನ್ನೂ ಎರಡು ಮೂರು ರೂಪದಲ್ಲಿ ಸೇರಿಸದಿದ್ದರೆ ಅದು ಅರ್ಧ ಮಾತ್ರ ಕೆಲಸ ಮಾಡುತ್ತದೆ.

ಎರಡನೆಯ ಭಾಗ ಕಾನೂನಿನದು. ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಕೊಟ್ಟ ಮಾರ್ಗಸೂಚಿಗಳೇ ಮುಂದೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಾದವು. ಕೆಲಸದ ನಿಮಿತ್ತ ಹೋದ ಯಾವುದೇ ಜಾಗ, ಕಚೇರಿ ಒದಗಿಸಿದ ವಾಹನ ಎಲ್ಲವೂ ಕಾಯ್ದೆಯ ಪ್ರಕಾರ ಕೆಲಸದ ಸ್ಥಳ. ಜೋಗದ ರೆಸಾರ್ಟಿನಲ್ಲಿ ನಡೆದದ್ದಕ್ಕೆ ಶಿವಮೊಗ್ಗದ ಕಚೇರಿ ಹೊಣೆಯಲ್ಲ ಎನ್ನುವಂತಿಲ್ಲ. ಹತ್ತು ಅಥವಾ ಹೆಚ್ಚು ನೌಕರರಿದ್ದರೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಹಿರಿಯ ಮಹಿಳಾ ನೌಕರಳಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಲೇಬೇಕು. ಸಮಿತಿ ಮಾಡದಿದ್ದರೆ 50,000 ರೂಪಾಯಿವರೆಗೆ ದಂಡ.

ನಮ್ಮ ಕಡೆಯ ಜಾಹೀರಾತು ಸಂಸ್ಥೆ, ಕಾರ್ಯಕ್ರಮ ಆಯೋಜಕರು, ಹೋಂಸ್ಟೇಗಳಲ್ಲಿ ಹತ್ತು ಜನ ಇರುವುದೇ ಅಪರೂಪ. ಅಂಥ ಕಡೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬೇಕು. ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು, ತನಗೆ ಬಂದ ದೂರನ್ನು ಏಳು ದಿನದೊಳಗೆ ಸಮಿತಿಗೆ ಕಳಿಸಬೇಕು ಎಂದೂ ಕಾಯ್ದೆ ಹೇಳುತ್ತದೆ. ಸೊರಬದವಳು ದೂರು ಕೊಡಲು ಶಿವಮೊಗ್ಗದವರೆಗೆ ಬರಬೇಕಿಲ್ಲ. ಇದು ಎಷ್ಟು ಜನಕ್ಕೆ ಗೊತ್ತಿದೆ?

ಹೊರಗಿನವನ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. ಕಿರುಕುಳ ಕೊಟ್ಟವನು ಬೇರೆ ಕಚೇರಿಯ ನೌಕರನಾದರೂ ಅವಳು ತನ್ನ ಕಚೇರಿಯ ಸಮಿತಿಗೇ ದೂರು ಕೊಡಬಹುದೆಂದು 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಾರಿ ಸ್ಪಷ್ಟವಾಗಿದೆ. ಈ ವೃತ್ತಿಗೆ ಇದು ದೊಡ್ಡ ಬಲ. ಅವನು ಯಾವ ಕಚೇರಿಗೂ ಸೇರದ ದಾನಿಯೋ ರಾಜಕಾರಣಿಯೋ ಆಗಿದ್ದರೆ, ಅವಳು ಪೊಲೀಸರಿಗೆ ದೂರು ಕೊಡಲು ಬಯಸಿದಾಗ ನೆರವಾಗುವುದು ಉದ್ಯೋಗದಾತನ ಕರ್ತವ್ಯ. ಲೈಂಗಿಕ ಕಿರುಕುಳಕ್ಕೆ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ, ಹಿಂಬಾಲಿಸುವುದಕ್ಕೆ 78ನೇ ಕಲಂ ಇವೆ. ಬೇಡವೆಂದ ಮೇಲೂ ಫೋನು, ಇಂಟರ್ನೆಟ್ಟಿನಲ್ಲಿ ಬೆನ್ನುಹತ್ತುವುದೂ ಇದರಲ್ಲಿ ಸೇರುತ್ತದೆ.

ದೂರು ಎಲ್ಲಿ ಸೋಲುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ಮೊದಲನೆಯದು ದಿನದ ಲೆಕ್ಕ. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ‘ಮೇಡಂಗೆ ಹೇಳಿದ್ದೆ’ ಎಂಬುದು ದೂರಲ್ಲ, ಆದರೆ ಹೊಂದಾಣಿಕೆಯ ಮಾತಿನಲ್ಲೇ ಮೂರು ತಿಂಗಳು ಕಳೆದುಹೋಗುತ್ತದೆ. ಎರಡನೆಯದು ಸಾಕ್ಷ್ಯ. ಸಿಟ್ಟಿನಲ್ಲಿ ಚಾಟ್ ಅಳಿಸಿ ನಂಬರು ಬ್ಲಾಕ್ ಮಾಡುವುದು ಸಹಜ, ಆದರೆ ಅಳಿಸಬಾರದು. ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಇಡೀ ಚಾಟನ್ನು ಸ್ವಂತ ಇಮೇಲಿಗೆ ಕಳಿಸಿಟ್ಟುಕೊಳ್ಳಬೇಕು, ಕಚೇರಿಯ ಇಮೇಲಿಗಲ್ಲ. ದೂರಿನ ಆರು ಪ್ರತಿ, ದಾಖಲೆಗಳು, ಸಾಕ್ಷಿಗಳ ಹೆಸರು ಬೇಕು. ಪ್ರತಿಯನ್ನು ಸಮಿತಿ ಏಳು ಕೆಲಸದ ದಿನಗಳಲ್ಲಿ ಎದುರಾಳಿಗೆ ಕಳಿಸಬೇಕು, ಅವನು ಹತ್ತು ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅವಳು ಕೇಳಿದರೆ ಮೂರು ತಿಂಗಳವರೆಗೆ ರಜೆ ಅಥವಾ ವರ್ಗಾವಣೆಗೆ ಸಮಿತಿ ಶಿಫಾರಸು ಮಾಡಬಹುದು. ದೂರನ್ನು ಸಾಬೀತು ಮಾಡಲಾಗಲಿಲ್ಲ ಎಂದಮಾತ್ರಕ್ಕೆ ಅವಳ ಮೇಲೆ ಕ್ರಮ ತೆಗೆದುಕೊಳ್ಳುವಂತಿಲ್ಲ. ಈ ಭಯ ಹುಟ್ಟಿಸಿಯೇ ಅನೇಕರನ್ನು ಸುಮ್ಮನಾಗಿಸುತ್ತಾರೆ, ಹಾಗಾಗಿ ಒತ್ತಿ ಹೇಳುತ್ತಿದ್ದೇವೆ.

ಮೂರನೆಯದು ಊರಿನ ಗಾತ್ರ. ಹೊರಗಿನ ಸದಸ್ಯರು ಸಂಸ್ಥೆಯ ವಕೀಲರೋ ಕಾರ್ಯದರ್ಶಿಯ ನೆಂಟರೋ ಆಗಿದ್ದರೆ ಸಂಜೆಯೊಳಗೆ ವಿಷಯ ಗಾಂಧಿ ಬಜಾರ್ ತಲುಪಿರುತ್ತದೆ. ಗುಟ್ಟು ಕಾಯುವುದು ಕಾಯ್ದೆಯ 16ನೇ ಕಲಮಿನ ಕಟ್ಟಳೆ. ಹೊರಗಿನ ಸದಸ್ಯರನ್ನು ಬೇರೆ ಜಿಲ್ಲೆಯಿಂದ ಆರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಚಿಕ್ಕಮಗಳೂರು, ದಾವಣಗೆರೆ ದೂರದ ಊರುಗಳೇನಲ್ಲ.

ಹೆರಿಗೆ ರಜೆಯದು ಬೇರೆ ಬಗೆಯ ನಷ್ಟ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಮರಳಿ ಬಂದಾಗ ಕುರ್ಚಿ ಇರುತ್ತದೆ, ವರದಿಗಾರರ ಪಟ್ಟಿ, ಗುಂಪಿನ ಅಡ್ಮಿನ್ ಸ್ಥಾನ, ಮುಖ್ಯ ಗ್ರಾಹಕರು ಇನ್ನೊಬ್ಬರ ಕೈಯಲ್ಲಿರುತ್ತಾರೆ. ರಜೆಗೆ ಹೋಗುವ ಮುನ್ನವೇ ಯಾವ ಜವಾಬ್ದಾರಿ ಯಾರಿಗೆ, ಯಾವ ದಿನಾಂಕದವರೆಗೆ ಎಂದು ಬರೆದು ಇಬ್ಬರೂ ಸಹಿ ಹಾಕಿದರೆ ಕೇಳಲು ಒಂದು ಆಧಾರವಿರುತ್ತದೆ.

ಒಂದು ತಿಂಗಳ ಹಾಳೆ

ತಮ್ಮ ಕಚೇರಿಯಲ್ಲಿ ಹೀಗಿಲ್ಲ ಎನ್ನುವವರು ನಾಲ್ಕು ವಾರ ಒಂದು ಹಾಳೆ ಇಡಲಿ. ದಿನಾಂಕ, ಕೆಲಸ, ಮಾಡಿದವರು, ತೀರ್ಮಾನಿಸಿದವರು, ಪ್ರಕಟವಾದಾಗ ಹೆಸರು ಬಂದವರು, ಮುಗಿದ ಹೊತ್ತು, ಮನೆಗೆ ಹೋದ ಬಗೆ, ಸಿಕ್ಕ ಭತ್ಯೆ: ಎಂಟು ಅಂಕಣ. ಅದೇ ದಿನ ತುಂಬಬೇಕು. ವಾರದ ಕೊನೆಗೆ ನೆನಪಿನಿಂದ ತುಂಬಿದರೆ ಸಣ್ಣ ಕೆಲಸಗಳು ಬಿಟ್ಟುಹೋಗುತ್ತವೆ, ಮತ್ತು ಬಿಟ್ಟುಹೋಗುವವು ಹೆಚ್ಚಾಗಿ ಅವಳವೇ. ರಂಗೋಲಿ, ಹೂಗುಚ್ಛ, ಕಾಫಿ, ಪೂರ್ಣಕುಂಭ ಹಿಡಿದು ನಿಂತದ್ದು, ಒಂದೇ ಬಣ್ಣದ ಸೀರೆಗೆ ಕೈಯಿಂದ ಹಾಕಿದ ದುಡ್ಡು ಎಲ್ಲವೂ ಬರಬೇಕು. ಮ್ಯಾನೇಜರ್ ಒಬ್ಬರೇ ತುಂಬಿದ ಹಾಳೆಗೆ ಅರ್ಥವಿಲ್ಲ, ಮಾಡಿದವರೇ ಬರೆಯಬೇಕು.

ತಿಂಗಳ ಕೊನೆಗೆ ಎರಡು ಅಂಕಣಗಳನ್ನು ಪಕ್ಕಪಕ್ಕ ಇಡಿ: ಮಾಡಿದವರು, ತೀರ್ಮಾನಿಸಿದವರು. ಎರಡರಲ್ಲಿ ಹೆಣ್ಣುಮಕ್ಕಳ ಪಾಲು ಎಷ್ಟೆಷ್ಟು ಎಂದು ಎಣಿಸಿದರೆ ಸಾಕು, ವಾದ ಬೇಕಾಗುವುದಿಲ್ಲ. ಮುಂದಿನ ತ್ರೈಮಾಸಿಕಕ್ಕೆ ಸರದಿ ಮಾಡುವುದು ಆ ಎಣಿಕೆಯ ಮೇಲೆ. ಪ್ರಾಸ್ತಾವಿಕ ನುಡಿ ಅವಳಿಗೆ ಬಂದರೆ ಹೆಸರು ತಾನಾಗಿ ಪ್ರಕಟಣೆಯ ಮೇಲಿನ ಪ್ಯಾರಾಕ್ಕೆ ಬರುತ್ತದೆ. ಪ್ರಾರ್ಥನೆ, ಸ್ವಾಗತ ಗಂಡುಮಕ್ಕಳಿಗೂ ಒಪ್ಪುವ ಕೆಲಸಗಳೇ. ಫೀಲ್ಡಿಗೆ ಅವಳನ್ನು ಕಳಿಸುವುದಾದರೆ ಮೊದಲ ತಿಂಗಳು ಭದ್ರಾವತಿಯಂಥ ಹತ್ತಿರದ, ಹಗಲಲ್ಲೇ ಹೋಗಿ ಬರಬಹುದಾದ ದಾರಿಯಿಂದ ಶುರುಮಾಡಬಹುದು, ಡೆಸ್ಕಿಗೆ ಅದೇ ತಿಂಗಳು ಫೀಲ್ಡಿನ ಹುಡುಗನನ್ನು ಕೂರಿಸಬಹುದು. ಅವನಿಗೂ ಗುರಿಯ ಒತ್ತಡದಿಂದ ಒಂದಿಷ್ಟು ಬಿಡುವು ಸಿಗುತ್ತದೆ.

ಕಾಲೇಜುಗಳಲ್ಲಿ ಪ್ರವೇಶದ ಓಡಾಟ ಏಪ್ರಿಲ್‌ನಲ್ಲೇ ಶುರುವಾಗುತ್ತದೆ. ಆಗ ಯಾರಿಗೂ ಹಾಳೆ ತುಂಬುವ ವ್ಯವಧಾನ ಇರುವುದಿಲ್ಲ, ಹಳೆಯ ಹಂಚಿಕೆಯೇ ಮುಂದುವರಿಯುತ್ತದೆ. ಫೆಬ್ರವರಿಯಲ್ಲಿ ಎಣಿಕೆ, ಮಾರ್ಚ್ ಮೂರನೇ ವಾರದೊಳಗೆ ಸರದಿ ಪಟ್ಟಿ, ವಾಹನದ ಖರ್ಚು, ಕಚೇರಿಯ ಸಿಮ್ ಇಷ್ಟಕ್ಕೂ ಮಂಜೂರಾತಿ ಪಡೆದಿರಬೇಕು.